ಫಿಟ್ಸ್ ಬಾರದ ಬಸವನಹುಳುಗಳು

2022ರ ಮಳೆಗಾಲದಲ್ಲಿ ನಾನು ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಜಯನಗರದಲ್ಲಿ ಬೆಳಗಿನ ವಾಕಿಂಗ್‌ಗೆ ಸಿಗುವ ಗೆಳತಿಯರು "ಪಾಠ ಬಿಟ್ಟು ಇನ್ನೇನ್ ಮಾಡ್ತೀರಾ ಅಲ್ಲಿ?" ಎಂದು ಒಮ್ಮೆ ಕೇಳಿದಾಗ "ಬಸವನಹುಳಕ್ಕೆ ಮಸಾಲೆ ಹಾಕ್ತೀನಿ" ಎಂದುಬಿಟ್ಟಿದ್ದೆ. ಆಮೇಲೆ ನಾನು ಮಾಡಿಕೊಂಡು ಹೋದ ಕೋಡುಬಳೆಯನ್ನು ಅವರು ಮುರಿದು, ಒಳಗೆ ನೋಡಿ, ಅನಂತರ ಬಾಯಿಗೆ ಹಾಕಿಕೊಳ್ಳತೊಡಗಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಲ್ಯಾಬಿನ ಕೆಲಸವೇ ಅದು. ಮೆಣಸು, ಅರಿಶಿನ, ಲವಂಗ ಇವುಗಳಲ್ಲಿರುವ ಸಸ್ಯಜನ್ಯ ರಾಸಾಯನಿಕಗಳು ನರಕೋಶದ ಮೇಲೆ ಏನು ಮಾಡುತ್ತವೆ ಎಂದು ನೋಡುವುದು. ಇದಕ್ಕೆ ಬಸವನಹುಳುವೇ ಏಕೆಂದರೆ ಅದರ ನರಕೋಶಗಳು ದೊಡ್ಡವು. ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ಕೊಳವೆಯನ್ನು ಒಂದೇ ಒಂದು ಕೋಶದೊಳಗೆ ಚುಚ್ಚಿ, ಅದರ ವಿದ್ಯುತ್ ಮಿಡಿತವನ್ನು ಪರದೆಯ ಮೇಲೆ ನೋಡಬಹುದು. ಸ್ಪೀಕರ್ ಜೋಡಿಸಿದರೆ ಕೇಳಲೂಬಹುದು. ಆರಾಮಾಗಿರುವ ಕೋಶ ಟಕ್, ಟಕ್ ಎಂದು ಸಮನಾಗಿ ಮಿಡಿಯುತ್ತದೆ. ಪಿಟಿಜೆಡ್ ಎಂದು ಕರೆಯುವ ಒಂದು ರಾಸಾಯನಿಕ ಹಾಕಿದರೆ ಅದೇ ಕೋಶ ಕೆರಳಿ, ಗುಂಪುಗುಂಪಾಗಿ ಸಿಡಿದು, ಸುಸ್ತಾಗಿ ಸುಮ್ಮನಾಗಿ, ಮತ್ತೆ ಸಿಡಿಯುತ್ತದೆ. ಅದು ಫಿಟ್ಸ್‌ನ ಮಾದರಿ. ನಾವೂ ಲ್ಯಾಬಿನಲ್ಲಿ ಅದನ್ನು ಫಿಟ್ಸ್ ಎಂದೇ ಕರೆಯುತ್ತಿದ್ದೆವು.

ನನ್ನ ವಿದ್ಯಾರ್ಥಿನಿ ಭವ್ಯಳ ಪಿಎಚ್‌ಡಿ ಪ್ರಬಂಧದ ಸಾರ ಇಷ್ಟು: ಲವಂಗದಲ್ಲಿರುವ ಯೂಜಿನಾಲ್ ಎಂಬ ಸಂಯುಕ್ತವನ್ನು ಚೂರೇ ಚೂರು ಹಾಕಿದರೆ ಈ ಫಿಟ್ಸ್ ತಣಿಯುತ್ತದೆ. ಜಾಸ್ತಿ ಹಾಕಿದರೆ ಅದೇ ಯೂಜಿನಾಲ್ ತಾನಾಗಿ ಫಿಟ್ಸ್ ತರುತ್ತದೆ. ಇದನ್ನು ಓದಿದವರು ದಯವಿಟ್ಟು ಮಾತ್ರೆ ಬಿಟ್ಟು ಲವಂಗ ಅಗಿಯಲು ಹೊರಡಬೇಡಿ. ಹುಳುವಿನ ಒಂದು ಕೋಶದ ಮಾತು ಇದು, ಮನುಷ್ಯರ ಮಾತಲ್ಲ. ಎಷ್ಟು ಸಲ ಹೇಳಿದರೂ ಕೇಳದವರು ಇದ್ದಾರೆ, ಅದಕ್ಕೇ ಮತ್ತೊಮ್ಮೆ ಹೇಳುತ್ತಿದ್ದೇನೆ.

ಭವ್ಯ ವಸಂತಪುರದವಳು. ಮನೆಯವರು ಹಿಂದೆ ಅಲ್ಲೇ ಸೊಪ್ಪು ತರಕಾರಿ ಬೆಳೆಯುತ್ತಿದ್ದರು. ಈಗ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಆ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣುಮಗಳು ಇವಳೇ. ಒಂದು ಪದವಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಪಾಠ ಮಾಡುತ್ತಾ, ಮಧ್ಯಾಹ್ನದ ಮೇಲೆ ನಮ್ಮ ಲ್ಯಾಬಿಗೆ ಬಂದು ಕೂರುತ್ತಿದ್ದಳು. ಅಲ್ಲಿ ಕೆಲಸ ಖಾಯಂ ಆಗಬೇಕಾದರೆ ಪಿಎಚ್‌ಡಿ ಬೇಕಿತ್ತು. ವರ್ಷದ ಕೊನೆಯವರೆಗೆ ಕಾಯುತ್ತೇವೆ ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಪ್ರಬಂಧ ಬರೆದು ಸಲ್ಲಿಸಿ ಆಗಿತ್ತು. ಇನ್ನು ವೈವಾ ಒಂದೇ ಎಂದು ನಾವಿಬ್ಬರೂ ನಿರಾಳವಾಗಿದ್ದೆವು.

ಆಗಸ್ಟ್‌ನಲ್ಲಿ ಪರೀಕ್ಷಕರೊಬ್ಬರ ವರದಿ ಬಂತು. ಕೆಲಸ ಚೆನ್ನಾಗಿದೆ, ಆದರೆ ಬಳಸಿದ ಹುಳುಗಳೆಲ್ಲ ಒಂದೇ ಜಾಗದವು. ಬೇರೆ ಜಾಗದ ಹುಳುಗಳಲ್ಲಿ ಕಂಟ್ರೋಲ್ ಪ್ರಯೋಗ ಮತ್ತೆ ಮಾಡಿ ತೋರಿಸಿ ಎಂದು ಅವರು ಬರೆದಿದ್ದರು. ಕಂಟ್ರೋಲ್ ಎಂದರೆ ಲವಂಗದ ಸೋಂಕೇ ಇಲ್ಲದ ಕೋಶ. ಅದಕ್ಕೆ ಪಿಟಿಜೆಡ್ ಹಾಕಿದರೆ ಫಿಟ್ಸ್ ಬರಲೇಬೇಕು. ಬಂದರೆ ತಾನೇ ಅದನ್ನು ಲವಂಗ ತಣಿಸಿತು ಎನ್ನಲು ಸಾಧ್ಯ! ತಿದ್ದಿದ ಪ್ರಬಂಧವನ್ನು ಡಿಸೆಂಬರ್ ಮುಗಿಯುವುದರೊಳಗೆ ಕೊಡಬೇಕು, ಇಲ್ಲವಾದರೆ ಅವಳ ನೋಂದಣಿಯೇ ರದ್ದು. ವರದಿ ಓದಿದಾಗ ನನಗೇನೂ ಭಯವಾಗಲಿಲ್ಲ. ಪರೀಕ್ಷಕರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಮೊದಲಿನ ಹುಳುಗಳನ್ನೆಲ್ಲ ಭವ್ಯ ತಮ್ಮ ಮನೆಯ ಪಕ್ಕದ ಖಾಲಿ ಸೈಟಿನಿಂದ ತರುತ್ತಿದ್ದಳು. ಹೊಸ ಜಾಗ ಹುಡುಕುವಾಗ ಸಿಕ್ಕವರು ಪದ್ಮನಾಭನಗರದ ಸರೋಜಮ್ಮ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆ ಸುತ್ತ ದಾಸವಾಳ, ದೊಡ್ಡಪತ್ರೆ, ಬಸಳೆ, ಪಪ್ಪಾಯಿ ಬೆಳೆಸಿದ್ದರು. ಆ ವರ್ಷದ ಮಳೆಗೆ ಅಂಗೈಯಗಲದ ಆಫ್ರಿಕನ್ ಬಸವನಹುಳುಗಳು ಬಂದು ಆ ತೋಟವನ್ನು ಬೋಳಿಸಿ ಹಾಕಿದ್ದವು. ಅಕ್ಕಪಕ್ಕದವರು ಉಪ್ಪು ಸುರಿಯಿರಿ ಎಂದರೆ ಸರೋಜಮ್ಮ ಒಪ್ಪಲಿಲ್ಲ. "ಹೆಸರಲ್ಲೇ ಬಸವ ಅಂತಿದೆ. ಉಪ್ಪು ಹಾಕಿ ಕರಗಿಸ್ಲಾ? ನನ್ ಕೈಲಾಗಲ್ಲಪ್ಪ" ಎಂದು, ಬೆಳಿಗ್ಗೆ ಎದ್ದು ಒಂದೊಂದನ್ನೇ ಹೆಕ್ಕಿ ಬಕೆಟ್ಟಿಗೆ ಹಾಕಿ, ಮುಂದೇನು ಮಾಡುವುದು ಎಂದು ತಿಳಿಯದೆ ಕೂತಿದ್ದರು. ಅವರ ಬೀದಿಯಲ್ಲೇ ಟ್ಯೂಷನ್ ಹೇಳುತ್ತಿದ್ದ ಭವ್ಯಳಿಗೆ ಇದು ಗೊತ್ತಾಗಿ "ನಮಗೆ ಕೊಡಿ ಆಂಟಿ" ಎಂದಳು. ಇಬ್ಬರಿಗೂ ಅನುಕೂಲವಾಯಿತು.

ತಂದ ಹುಳುಗಳನ್ನು ಒಂದು ವಾರ ಲ್ಯಾಬಿನಲ್ಲಿ ಕೋಸು, ಸೌತೆಕಾಯಿ ಹಾಕಿ ಇಟ್ಟುಕೊಂಡು, ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆ ಪ್ರಯೋಗಕ್ಕೆ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ಈ ಸಲ ಭವ್ಯಳಿಗೆ ಬಿಡುವಿದ್ದದ್ದು ವಾರಕ್ಕೆ ಎರಡೇ ದಿನ. ಜೊತೆಗೆ ನಮ್ಮ ಮೈಕ್ರೋಸ್ಕೋಪ್ ರಿಪೇರಿಗೆ ಹೋಗಿ ಒಂದಷ್ಟು ದಿನ ಹಾಳಾಗಿತ್ತು. ಹಾಗಾಗಿ ತಂದ ದಿನವೇ ಕೆಲಸಕ್ಕೆ ತೆಗೆದುಕೊಳ್ಳೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಆಗ ನೆನಪಾಗಲಿಲ್ಲ.

ಮೊದಲ ಕೋಶಕ್ಕೆ ಪಿಟಿಜೆಡ್ ಹಾಕಿದೆವು. ಟಕ್, ಟಕ್, ಟಕ್. ಏನೂ ಆಗಲಿಲ್ಲ. ಹಳೆಯ ಗಡಿಯಾರದ ಹಾಗೆ ನಿಧಾನವಾಗಿ ಮಿಡಿಯುತ್ತಲೇ ಇತ್ತು. ಒಂದು ಕೋಶ ಹಾಗಿರಬಹುದು ಎಂದು ಇನ್ನೊಂದು ತೆಗೆದುಕೊಂಡೆವು. ಅದೂ ಹಾಗೆಯೇ. ಮುಂದಿನ ವಾರದ ಹುಳುಗಳೂ ಹಾಗೆಯೇ. ಎಲ್ಲೋ ಒಂದು ಕೋಶ ಸ್ವಲ್ಪ ಮಿಸುಕಾಡಿದಂತೆ ಮಾಡಿ ಮತ್ತೆ ತಣ್ಣಗಾಗುತ್ತಿತ್ತು. ಭವ್ಯ ಪರದೆ ನೋಡುವುದು ಬಿಟ್ಟು ನನ್ನ ಮುಖ ನೋಡತೊಡಗಿದಳು.

ಕೆಡುವುದಕ್ಕೆ ಏನೇನು ಸಾಧ್ಯವಿದೆಯೋ ಅದನ್ನೆಲ್ಲ ಪರೀಕ್ಷಿಸಿದೆವು. ಪಿಟಿಜೆಡ್ ಹಳತಾಗಿರಬಹುದು ಎಂದು ಹೊಸ ಸೀಸೆ ತರಿಸಿದೆವು. ಕೋಶವನ್ನು ಜೀವಂತವಾಗಿಡಲು ಬಳಸುವ ರಿಂಗರ್ ದ್ರಾವಣವನ್ನು, ಅಂದರೆ ಹುಳುವಿನ ಮೈಯೊಳಗಿನ ನೀರನ್ನು ಹೋಲುವ ಉಪ್ಪುನೀರನ್ನು, ನಾನೇ ತೂಕ ಮಾಡಿ ಹೊಸದಾಗಿ ಕಲಸಿದೆ. ಕೋಶಕ್ಕೆ ಚುಚ್ಚುವ ಗಾಜಿನ ಎಲೆಕ್ಟ್ರೋಡ್ ಬದಲಾಯಿಸಿದೆವು. ಪಾತ್ರೆಯಲ್ಲಿ ಹಿಂದಿನ ಯೂಜಿನಾಲ್ ಉಳಿದಿರಬಹುದೇ ಎಂದು ಪಾತ್ರೆಗಳನ್ನೇ ಎಸೆದು ಹೊಸವು ಕೊಂಡೆವು. ಫಿಟ್ಸ್ ಮಾತ್ರ ಬರಲಿಲ್ಲ. ಅಕ್ಟೋಬರ್ ಕಳೆಯುತ್ತಾ ಬಂತು. ಮಳೆ ನಿಂತರೆ ಈ ಹುಳುಗಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನೊಳಗೆ ಮಲಗಿಬಿಡುತ್ತವೆ. ಆಮೇಲೆ ಮುಂದಿನ ಮಳೆಗಾಲದವರೆಗೆ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಮೋಡ ನೋಡುವುದು ನನಗೊಂದು ಚಟವೇ ಆಗಿಹೋಯಿತು.

ವಸಂತಪುರದ ಹಳೆಯ ಸೈಟಿಗೇ ಹೋಗಿ ಮತ್ತೆ ಹುಳು ತಂದು ಹೋಲಿಸೋಣ ಎಂದರೆ, ಅಲ್ಲಿ ಭವ್ಯಳ ಅಪ್ಪ ಮನೆ ಕಟ್ಟಿಸಲು ಪಾಯ ತೆಗೆಸಿ ಪಿಲ್ಲರ್ ಎಬ್ಬಿಸಿದ್ದರು. ಅಲ್ಲಿ ಸಿಮೆಂಟ್ ಚೀಲ ಬಿಟ್ಟು ಏನೂ ಇರಲಿಲ್ಲ.

ಭವ್ಯಳ ಡಾಕ್ಟೊರಲ್ ಕಮಿಟಿಯಲ್ಲಿದ್ದ ಸಹೋದ್ಯೋಗಿಯೊಬ್ಬರು ಒಂದು ದಿನ ಕಾಫಿ ಕುಡಿಯುತ್ತಾ ಹೇಳಿದರು: "ಇದಕ್ಯಾಕ್ ಇಷ್ಟ್ ತಲೆ ಕೆಡಿಸ್ಕೋತೀರಾ? ಈ ತೋಟದ್ದು ಬಿಟ್ಟಾಕಿ. ಮೂರನೇ ಕಡೆಯಿಂದ ತಂದು ಮಾಡ್ಸಿ. ಫಿಟ್ಸ್ ಬಂದ್ರೆ ಅದನ್ನ ಬರೀಲಿ." ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಮಗೆ ಬೇಕಾದ ಉತ್ತರ ಕೊಡೋ ಹುಳು ಸಿಗೋವರೆಗೂ ಊರೂರು ಅಲೀಬೇಕಾ ಸಾರ್? ಅದಕ್ಕಿಂತ ಗ್ರಾಫ್‌ನ ಪೆನ್ಸಿಲ್‌ನಲ್ಲೇ ಬರೆದುಬಿಡಬಹುದಲ್ಲ" ಎಂದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟು, ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ ಮೇಡಂ. ಮೊದಲಿನ ಡೇಟಾ ಎಲ್ಲಾ ಸರಿಯಾಗಿದೆ ತಾನೇ?" ಎಂದರು.

ಆ ಪ್ರಶ್ನೆ ನನ್ನ ತಲೆಗೆ ಎಂದೂ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷ ಜೊತೆಗೆ ಕೂತು ಕೆಲಸ ಮಾಡಿದ ಹುಡುಗಿ. ಹಾಗಂತ ಪ್ರತಿ ರೆಕಾರ್ಡಿಂಗ್‌ಗೂ ನಾನು ಪಕ್ಕದಲ್ಲಿರಲಿಲ್ಲ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಅದೇ ಸಂಜೆ ಅವಳನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ. "ಭವ್ಯ, ಚೆನ್ನಾಗಿ ಬಂದ ಕೋಶಗಳನ್ನ ಮಾತ್ರ ಇಟ್ಕೊಂಡು ಉಳಿದದ್ದು ಬಿಟ್ಟಿದ್ದೀಯಾ? ಇದ್ರೆ ಈಗ್ಲೇ ಹೇಳ್ಬಿಡು. ನಾನು ಬೈತೀನಿ, ಆದ್ರೆ ಜೊತೇಲಿ ಇರ್ತೀನಿ."

ಅವಳ ಕಣ್ಣು ಕೆಂಪಾಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ಎಲ್ಲಾ ಫೈಲೂ ಕಂಪ್ಯೂಟರಲ್ಲೇ ಇದೆ ಮೇಡಂ, ಒಂದೂ ಅಳಿಸಿಲ್ಲ. ನೋಡಿ. ನಾಳೆ ನಾನು ಮೆಷಿನ್ ಮುಟ್ಟಲ್ಲ. ನೀವೇ ಕೂತು ರೆಕಾರ್ಡ್ ಮಾಡಿ" ಎಂದಳು. ಫೈಲುಗಳನ್ನೆಲ್ಲ ತೆರೆದು ನೋಡಿದೆ. ವಸಂತಪುರದ ಕೋಶಗಳಲ್ಲಿ ಫಿಟ್ಸ್ ಸ್ಪಷ್ಟವಾಗಿ ಇತ್ತು. ಕೆಟ್ಟುಹೋದ ರೆಕಾರ್ಡಿಂಗ್‌ಗಳನ್ನೂ ಹಾಗೇ ಇಟ್ಟಿದ್ದಳು. ಮಾರನೆಯ ದಿನ ನಾನೇ ಹುಳು ಕೊಯ್ದು, ನಾನೇ ಕೋಶ ಚುಚ್ಚಿ, ನಾನೇ ಪಿಟಿಜೆಡ್ ಹಾಕಿದೆ. ಟಕ್, ಟಕ್, ಟಕ್. ನನ್ನ ಕೈಯಲ್ಲೂ ಫಿಟ್ಸ್ ಬರಲಿಲ್ಲ.

ಅವಳು ಸುಳ್ಳು ಹೇಳಿಲ್ಲ ಎಂದು ಗೊತ್ತಾದದ್ದು ಸಮಾಧಾನವೇ. ಆದರೆ ಅದರ ಬೆನ್ನಿಗೇ ಇನ್ನೂ ದೊಡ್ಡ ಭಯ ಹತ್ತಿಕೊಂಡಿತು. ಹಾಗಾದರೆ ವಸಂತಪುರದ ಆ ಒಂದು ಸೈಟಿನ ಹುಳುಗಳಲ್ಲಿ ಮಾತ್ರ ಏನೋ ವಿಚಿತ್ರವಿತ್ತೇ? ಇಡೀ ಪ್ರಬಂಧ ಆ ಒಂದು ಸೈಟಿನ ಆಕಸ್ಮಿಕವೇ? ಹಾಗಿದ್ದರೆ ಭವ್ಯಳ ನಾಲ್ಕು ವರ್ಷ ನೀರಿನಲ್ಲಿ ಹೋಮ. ಮನೆಯವರು "ಹುಳಕ್ಕೆ ಫಿಟ್ಸ್ ಬರ್ಲಿಲ್ಲ ಅಂತ ನೀನ್ಯಾಕೆ ಹೀಗಾಡ್ತೀಯಾ?" ಎಂದು ರೇಗಿಸಿದರೆ ಅವರ ಮೇಲೆ ಹಾರಿಬೀಳುತ್ತಿದ್ದೆ.

ಸರೋಜಮ್ಮನವರ ತೋಟಕ್ಕೆ ಏನಾದರೂ ಕೀಟನಾಶಕ ಹೊಡೆದಿರಬಹುದು ಎಂಬ ಅನುಮಾನ ಬಂತು. ಫೋನ್ ಮಾಡಿ ಕೇಳಿದೆ. "ಗಿಡಕ್ಕೆ ಏನಾದ್ರೂ ಔಷಧಿ ಹಾಕಿದ್ದೀರಾ ಅಮ್ಮ?"

"ಇಲ್ಲಪ್ಪ, ಬರೀ ಸಗಣಿ ಗೊಬ್ಬರ. ಔಷಧಿ ಗಿಷಧಿ ನಮ್ಮನೇಲಿ ಇಲ್ಲ."

"ಹುಳುಗಳಿಗೆ ಉಪ್ಪು?"

"ಅಯ್ಯೋ ರಾಮ! ಬಿಡ್ತು ಅನ್ನಿ."

ಕೊನೆಯ ದಾರಿ ಎಂದರೆ ತೋಟದ ಮಣ್ಣನ್ನೇ ತಂದು ಪರೀಕ್ಷೆಗೆ ಕಳಿಸುವುದು. ನವೆಂಬರ್‌ನ ಒಂದು ಬೆಳಿಗ್ಗೆ ಹೊರಟೆವು; ಹಿಂದಿನ ಸಂಜೆ ಮಳೆ ಬಿದ್ದಿತ್ತು. ಹುಳು ತೆಗೆದಿಟ್ಟಿರುತ್ತೇನೆ, ಒಂಬತ್ತಕ್ಕೆ ಬನ್ನಿ ಎಂದು ಸರೋಜಮ್ಮ ಹೇಳಿದ್ದರು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಭವ್ಯಳಿಗೆ ಫೋನ್ ಮಾಡಿ, ಅವಳ ಸ್ಕೂಟರಿನ ಹಿಂದೆ ಕೂತು ಏಳೂವರೆಗೆಲ್ಲ ಪದ್ಮನಾಭನಗರ ತಲುಪಿಬಿಟ್ಟೆ. ಗೇಟು ತೆರೆದಿತ್ತು. ಕರೆದರೆ "ಹಿತ್ತಲಲ್ಲಿದ್ದೀನಿ, ಬನ್ನಿ" ಎಂದು ದನಿ ಕೇಳಿಸಿತು.

ಹಿತ್ತಲಲ್ಲಿ ಸರೋಜಮ್ಮ ಮಣೆ ಹಾಕಿಕೊಂಡು ಕೂತಿದ್ದರು. ಮುಂದೆ ಅಗಲವಾದ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ನೀರು. ನೀರಿನಲ್ಲಿ ಬಸವನಹುಳುಗಳು ಚಿಪ್ಪಿನಿಂದ ಪೂರ್ತಿ ಹೊರಗೆ ಚಾಚಿ, ಕೊಂಬು ಇಳಿಬಿಟ್ಟು, ನಿಶ್ಚೇಷ್ಟಿತವಾಗಿ ಬಿದ್ದಿದ್ದವು. ಅವರು ಒಂದೊಂದನ್ನೇ ಎತ್ತಿ, ಪಕ್ಕದ ಬಕೆಟ್ಟಿನ ಒಳ್ಳೆಯ ನೀರಿನಲ್ಲಿ ಅದ್ದಿ, ಕೋಸಿನ ಎಲೆ ಹಾಸಿದ ಬುಟ್ಟಿಗೆ ಇಡುತ್ತಿದ್ದರು. ಮಗುವಿಗೆ ಸ್ನಾನ ಮಾಡಿಸುವಷ್ಟು ಜೋಪಾನ. ಟಬ್ಬಿನ ಪಕ್ಕದಲ್ಲಿ ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆಯ ಸಣ್ಣ ಸೀಸೆ ಇತ್ತು.

ಭವ್ಯಳೇ ಕೇಳಿದಳು. "ಆಂಟಿ, ಏನ್ ಮಾಡ್ತಾ ಇದ್ದೀರಾ?"

"ನೀನೇ ಹೇಳಿದ್ದಲ್ವೇನೇ?" ಎಂದು ಸರೋಜಮ್ಮ ಮುಖವೆತ್ತಿದರು. "ಮೊದಲ್ನೇ ಸಲ ಬಂದಾಗ ಕೇಳಿದ್ನಲ್ಲ, ಅಲ್ಲಿ ಇವಕ್ಕೆ ನೋವಾಗುತ್ತಾ ಅಂತ. ಲವಂಗದ ಮೇಲೇ ಕೆಲಸ ಮಾಡ್ತಿರೋದು ಆಂಟಿ, ಲವಂಗ ಹಾಕಿದ್ರೆ ಅವಕ್ಕೆ ಏನೂ ಗೊತ್ತಾಗಲ್ಲ ಅಂತ ನೀನೇ ಅಂದೆ. ಸರಿ, ಇಲ್ಲಿಂದ್ಲೇ ನೆಮ್ಮದಿಯಾಗಿ ಹೋಗ್ಲಿ ಅಂತ ನೀರಿಗೆ ನಾಕು ತೊಟ್ಟು ಹಾಕ್ತೀನಿ. ಮೊದಲ್ನೇ ಬುಟ್ಟಿಯಿಂದಾನೂ ಹೀಗೇ ಕಳಿಸ್ತಿರೋದು. ಯಾಕೆ, ಜಾಸ್ತಿ ಆಯ್ತಾ?"

ಭವ್ಯ ಹಣೆ ಹಿಡಿದುಕೊಂಡು ತುಳಸಿಕಟ್ಟೆಯ ಮೇಲೆ ಕೂತುಬಿಟ್ಟಳು. ಆ ಮಾತು ಆಡಿದ್ದು ಅವಳಿಗೆ ನೆನಪಿತ್ತು. ಹಿರಿಯರ ಮನಸ್ಸಿಗೆ ಕಷ್ಟವಾಗಬಾರದು ಎಂದು ಗೇಟಿನ ಹತ್ತಿರ ನಿಂತು ಹೇಳಿದ ಒಂದು ಸಮಾಧಾನದ ಮಾತು, ಅಷ್ಟೇ. ಅದು ಪೂರ್ತಿ ನಿಜವೂ ಆಗಿರಲಿಲ್ಲ. ನಾವು ಹುಳುಗಳನ್ನು ಮಲಗಿಸುತ್ತಿದ್ದದ್ದು ಮಂಜುಗಡ್ಡೆಯ ಮೇಲೆ.

ನನಗೆ ಮೊದಲು ಬಂದದ್ದು ಕೋಪ. ಆಮೇಲೆ ನಗು. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಹಿತ್ತಲಲ್ಲೇ ಕಣ್ಣಲ್ಲಿ ನೀರು ಬಂತು. ಫಿಟ್ಸ್ ಬಾರದಿದ್ದದ್ದೇಕೆ? ಲವಂಗ ಮೊದಲೇ ಅವುಗಳ ಮೈ ಸೇರಿತ್ತು. ವಾರ ಬಿಟ್ಟಿದ್ದರೆ ಇಳಿದುಹೋಗುತ್ತಿತ್ತೇನೋ; ನಾವು ಅವತ್ತವತ್ತೇ ಕೊಯ್ದಿದ್ದೆವು. ಅಂದರೆ ಚೂರು ಲವಂಗ ಫಿಟ್ಸ್ ತಡೆಯುತ್ತದೆ ಎಂದು ಭವ್ಯ ಬರೆದದ್ದನ್ನೇ ಸರೋಜಮ್ಮ ತಮಗೆ ಅರಿವಿಲ್ಲದೆ ವಾರವಾರವೂ ತೋರಿಸಿಕೊಡುತ್ತಿದ್ದರು. ನಾವು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತಿದ್ದೆವು. ಬುಟ್ಟಿಯಿಂದ ಲವಂಗದ ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಲ್ಯಾಬಿನ ಗೋಡೆ, ಕುರ್ಚಿ, ಭವ್ಯಳ ದುಪ್ಪಟ್ಟಾ, ನನ್ನ ಊಟದ ಡಬ್ಬಿ ಎಲ್ಲವೂ ವರ್ಷಗಟ್ಟಲೆಯಿಂದ ಲವಂಗ ನಾರುತ್ತಿದ್ದವು. ಊರಿನಲ್ಲಿ ಬೇರೆ ಯಾರಾದರೂ ಆ ಬುಟ್ಟಿ ಮೂಸಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ನಮ್ಮಿಬ್ಬರ ಮೂಗಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡು "ಅಮ್ಮ, ಮುಂದಿನ ಸಲ ಈ ಎಣ್ಣೆ ಹಾಕದೇ ಹಾಗೇ ಕೊಡಿ" ಎಂದೆ. ಸರೋಜಮ್ಮ ಕೈ ಒರೆಸಿಕೊಂಡರು.

"ಹಾಗಾದ್ರೆ ಅಲ್ಲಿ ನೀವು ಲವಂಗ ಹಾಕಿ ಮಲಗಿಸ್ತೀರಾ?"

ಭವ್ಯ ನನ್ನ ಕಡೆ ನೋಡಿದಳು. ಇನ್ನೊಂದು ಸಮಾಧಾನದ ಮಾತು ಹೇಳಿದರೆ ಕೆಲಸ ಸುಲಭವಾಗುತ್ತಿತ್ತು. ಅವಳು ಹೇಳಲಿಲ್ಲ. "ಇಲ್ಲ ಆಂಟಿ. ಐಸ್ ಮೇಲೆ ಇಟ್ಟು ಮರಗಟ್ಟಿಸಿ ಕೊಯ್ತೀವಿ. ನೋವಾಗುತ್ತೋ ಇಲ್ವೋ ನಮಗೆ ಸರಿಯಾಗಿ ಗೊತ್ತಿಲ್ಲ. ಅವತ್ತು ನಾನು ಹೇಳಿದ್ದು ತಪ್ಪು" ಎಂದಳು.

"ಇದಕ್ಕೆಲ್ಲ ಯಾರ ಪರ್ಮಿಷನ್ನೂ ಬೇಡ್ವಾ ಮೇಡಂ?" ಎಂದು ಸರೋಜಮ್ಮ ನನ್ನನ್ನು ಕೇಳಿದರು.

"ಬೆನ್ನುಮೂಳೆ ಇರೋ ಪ್ರಾಣಿಗೆ ಎಥಿಕ್ಸ್ ಕಮಿಟಿ ಪರ್ಮಿಷನ್ ಬೇಕು. ಇದಕ್ಕೆ ಮೂಳೆ ಇಲ್ವಲ್ಲ, ಬೇಕಾಗಲ್ಲ" ಎಂದೆ. ನಿಯಮವನ್ನು ಇದ್ದ ಹಾಗೆ ಹೇಳಿದ್ದೆ. ಆದರೂ ಆ ಹಿತ್ತಲಲ್ಲಿ ಅದು ಕಿವಿಗೆ ಕೆಟ್ಟದಾಗಿ ಕೇಳಿಸಿತು.

ಸರೋಜಮ್ಮ ಬುಟ್ಟಿಯ ಕಡೆ ತಿರುಗಿದರು. ಹುಳುಗಳು ಬುಟ್ಟಿಯಲ್ಲಿ ಒಂದೊಂದಾಗಿ ಕೊಂಬು ಮೇಲೆತ್ತತೊಡಗಿದ್ದವು. ಭವ್ಯಳ ಕೆಲಸ, ನೋಂದಣಿ, ಡಿಸೆಂಬರ್ ಗಡುವು ಎಲ್ಲವನ್ನೂ ನಾನು ವಿವರಿಸಿದೆ. ಕೊನೆಗೆ ಅವರು ಹೇಳಿದರು: "ಈ ಹುಡುಗಿ ಓದಿಗೆ ನಾನು ಅಡ್ಡ ಬರಲ್ಲ. ಕೊಡ್ತೀನಿ. ಆದ್ರೆ ನಾನೂ ಬರ್ತೀನಿ. ಏನ್ ಮಾಡ್ತೀರೋ ನನ್ ಕಣ್ಣಲ್ಲಿ ನೋಡ್ಬೇಕು." ಶನಿವಾರ ಬನ್ನಿ ಎಂದೆ.

ಹೀಗೆ ಮುಂದಿನ ಶನಿವಾರ ಸರೋಜಮ್ಮ ಎಣ್ಣೆ ಸೋಂಕದ ಹುಳುಗಳ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ನಮ್ಮ ಕಾಲೇಜಿಗೆ ಬಂದರು. ಲ್ಯಾಬಿನ ಬಾಗಿಲಲ್ಲೇ "ಏನಿದು, ಪಲಾವ್ ಮಾಡಿದ್ರಾ?" ಎಂದು ಮೂಗು ಮುಚ್ಚಿಕೊಂಡರು. ಕೊಯ್ಯುವಷ್ಟು ಹೊತ್ತು ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಕಾಫಿ ಕೊಡಿಸಿದೆ. ನೋಡುತ್ತೇನೆಂದು ಹಟ ಹಿಡಿದವರೂ ಅಷ್ಟನ್ನು ಮಾತ್ರ ನೋಡಲು ಒಪ್ಪಲಿಲ್ಲ. ಭವ್ಯ ನರಗಂಟನ್ನು ಬಿಡಿಸಿ, ಪಾತ್ರೆಯಲ್ಲಿ ಪಿನ್ನು ಮಾಡಿ, ಎಲೆಕ್ಟ್ರೋಡ್ ಚುಚ್ಚಿದಳು. ಮಿಡಿತ ಸ್ಥಿರವಾದ ಮೇಲೆ ಅವರನ್ನು ಕರೆದೆವು. ಅವರು ಮೇಜಿನ ಮೇಲೆಲ್ಲ ಹುಡುಕಿ "ಹುಳ ಎಲ್ಲಿ?" ಎಂದು ಕೇಳಿದರು.

"ಹುಳ ಇಲ್ಲ ಅಮ್ಮ, ಹೋಯ್ತು. ಅದರ ನರದ ಒಂದು ಗಂಟು ಮಾತ್ರ ಬದುಕಿದೆ. ಈ ಸದ್ದು ಅದರದ್ದೇ" ಎಂದೆ. ಸ್ಪೀಕರಿನಲ್ಲಿ ಟಕ್, ಟಕ್ ಎನ್ನುತ್ತಿತ್ತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಕೇಳಿಸಿಕೊಂಡರು.

ಭವ್ಯ ಪಿಟಿಜೆಡ್ ಹಾಕಿದಳು. ನಾನು ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದೆ. ಟಕ್, ಟಕ್. ಇನ್ನೂ ಟಕ್, ಟಕ್. ಈಗಲೂ ಬಾರದಿದ್ದರೆ ಮುಂದೆ ದಾರಿಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಮಿಡಿತ ಒಂದು ಸಲ ಎಡವಿತು. ಎರಡು ಮಿಡಿತ ಜೊತೆಜೊತೆಗೆ ಬಂದವು. ಇದ್ದಕ್ಕಿದ್ದಂತೆ ಸ್ಪೀಕರು ಕಡಲೆ ಹುರಿದಂತೆ ಚಟಪಟ ಸಿಡಿಯಿತು, ನಿಂತಿತು, ಮತ್ತೆ ಸಿಡಿಯಿತು. ಫಿಟ್ಸ್! "ಬಂತು ಮೇಡಂ, ಬಂತು!" ಎಂದು ಭವ್ಯ ಕಿರುಚಿಕೊಂಡಳು. ನಾನು ಅವಳ ಬೆನ್ನಿಗೆ ಗುದ್ದಿದೆ. ಮೂರು ತಿಂಗಳ ದಿಗಿಲು ಒಂದೇ ಕ್ಷಣದಲ್ಲಿ ಇಳಿದುಹೋಯಿತು.

"ಅಯ್ಯೋ, ಅದಕ್ಕೆ ಏನೋ ಆಗ್ತಿದೆ" ಎಂದರು ಸರೋಜಮ್ಮ.

ನಾವು ತಿರುಗಿ ನೋಡಿದೆವು. ಅವರು ಎದ್ದು ನಿಂತಿದ್ದರು. "ನನ್ನ ತಮ್ಮನಿಗೆ ಚಿಕ್ಕೋನಿದ್ದಾಗ ಬರ್ತಿತ್ತು. ಹೀಗೇ, ಬರೋದು, ನಿಲ್ಲೋದು, ಮತ್ತೆ ಬರೋದು. ಸಾಕು ಕಣಮ್ಮ, ಈಗ ಲವಂಗ ಹಾಕು."

ಹಾಕುವ ಹಾಗಿರಲಿಲ್ಲ. ಫಿಟ್ಸ್ ತಾನಾಗಿ ನಿಲ್ಲುವುದಿಲ್ಲ ಎಂದು ತೋರಿಸಲು ಕಂಟ್ರೋಲನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು ರೆಕಾರ್ಡ್ ಮಾಡಬೇಕು. ಅದಿಲ್ಲದಿದ್ದರೆ ಪರೀಕ್ಷಕರು ಕೇಳಿದ್ದಕ್ಕೆ ಉತ್ತರವೇ ಅಲ್ಲ. "ಇನ್ನೂ ಸ್ವಲ್ಪ ಹೊತ್ತು ಆಂಟಿ" ಎಂದಳು ಭವ್ಯ. ಚಟಪಟ, ನಿಶ್ಶಬ್ದ, ಚಟಪಟ. ಸರೋಜಮ್ಮ ಅವಳ ಮೊಣಕೈ ಹಿಡಿದುಕೊಂಡರು. "ಹಾಕೇ. ಕೈ ಮುಗೀತೀನಿ, ಹಾಕೇ." ಭವ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕುಣಿದಾಡುತ್ತಿದ್ದವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಯೂಜಿನಾಲ್ ಡ್ರಾಪರ್ ಅವಳ ಬಲಗೈಯಲ್ಲೇ ಇತ್ತು. ನಾನು ಸ್ಪೀಕರಿನ ಸದ್ದು ತಗ್ಗಿಸಲು ಕೈ ಚಾಚಿದೆ. "ಬೇಡ ಮೇಡಂ, ಇರ್ಲಿ" ಎಂದು ಅವಳು ತಡೆದಳು.

ಅರ್ಧ ಗಂಟೆ ಪೂರ್ತಿ ಕಾದಳು. ಆಮೇಲೆ ಹಾಕಿದಳು. ಸಿಡಿತ ವಿರಳವಾಯಿತು, ಚದುರಿತು, ಒಂದಷ್ಟು ಹೊತ್ತಿಗೆ ಮತ್ತೆ ಟಕ್, ಟಕ್ ಎಂದು ಸಮನಾಯಿತು. ಸರೋಜಮ್ಮ ಅವಳ ಮೊಣಕೈ ಬಿಟ್ಟು ಕುರ್ಚಿಯಲ್ಲಿ ಕುಸಿದರು.

ಉಳಿದ ಕೋಶಗಳಲ್ಲೂ ಹೀಗೆಯೇ ಆಯಿತು. ಎಣ್ಣೆಯ ನೀರಿನಲ್ಲಿ ಅದ್ದಿದ, ಅವತ್ತು ಹಿತ್ತಲಲ್ಲಿ ಕಂಡ ಬುಟ್ಟಿಯ ಹುಳುಗಳನ್ನು ವಾರ ಇಟ್ಟು ನೋಡಿದಾಗ ಅವುಗಳಿಗೂ ಫಿಟ್ಸ್ ಬಂತು. ಇದೆಲ್ಲವನ್ನೂ, ಹುಳು ಕೊಟ್ಟವರು ಕನಿಕರದಿಂದ ಲವಂಗದ ಎಣ್ಣೆ ಹಾಕಿದ್ದರು ಎಂಬುದನ್ನೂ ಸೇರಿಸಿ, ಭವ್ಯ ಮುಚ್ಚಿಡದೆ ಬರೆದಳು. ಗಡುವಿನೊಳಗೆ ಪ್ರಬಂಧ ಹೋಯಿತು; ವೈವಾ ಆಗುವವರೆಗೆ ಆಡಳಿತ ಮಂಡಳಿಯವರೂ ಕಾದರು. ಗೆಸ್ಟ್ ಆಗಿ ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಅವಳೀಗ ಖಾಯಂ ಅಧ್ಯಾಪಕಿ.

ಕಂಟ್ರೋಲ್ ಎಂದರೆ ಯಾರೂ ಏನೂ ಮಾಡದೆ ಬಿಟ್ಟದ್ದು ಎಂದು ನಾನು ವರ್ಷಾನುಗಟ್ಟಲೆ ಪಾಠ ಮಾಡಿದ್ದೆ. ಯಾರೂ ಮುಟ್ಟದ ವಸ್ತು ಲ್ಯಾಬಿನ ಬಾಗಿಲಿಗೆ ಬರುವುದೇ ಇಲ್ಲ. ಯಾರೋ ಕೆಟ್ಟದ್ದಕ್ಕೆ ಮುಟ್ಟಿರುತ್ತಾರೆ, ಯಾರೋ ಒಳ್ಳೆಯದಕ್ಕೆ ಮುಟ್ಟಿರುತ್ತಾರೆ, ಕೇಳಿ ತಿಳಿದುಕೊಳ್ಳಬೇಕು. ಈ ಪ್ರಕರಣದಿಂದ ಕಲಿತ ಪಾಠ ಯಾವುದು ಎಂದು ಯಾರಾದರೂ ಕೇಳಿದರೆ ಸಭೆಗಳಲ್ಲಿ ಇದನ್ನೇ ಹೇಳುತ್ತೇನೆ.

ಸಭೆಯಲ್ಲಿ ಹೇಳದ್ದು ಇನ್ನೊಂದಿದೆ. ಅವತ್ತು ಆಟೋ ಹತ್ತಿಸಲು ನಾನು ಗೇಟಿನವರೆಗೆ ಹೋಗಿದ್ದೆ. ಸರೋಜಮ್ಮನಿಗೆ ಸಿಟ್ಟೇನೂ ಇರಲಿಲ್ಲ. ಖಾಲಿ ಬುಟ್ಟಿ ಒಳಗಿಟ್ಟುಕೊಂಡು, "ನಿಮ್ಮದು ಕೆಟ್ಟ ಕೆಲಸ ಅಂತ ಅನ್ನಲ್ಲ ಮೇಡಂ. ಆದ್ರೆ ಔಷಧಿ ಕೈಯಲ್ಲಿಟ್ಕೊಂಡು ಕಾಯ್ತೀರಲ್ಲ, ಅದು ಮಾತ್ರ ನನ್ ಕೈಲಾಗ್ತಿರಲಿಲ್ಲ" ಎಂದರು. ನನ್ನ ಕೈಯಲ್ಲಿ ಆಗುತ್ತಿತ್ತು. ಇಡೀ ವೃತ್ತಿಜೀವನದಲ್ಲಿ ಅದೊಂದು ಕಷ್ಟ ಎಂದೇ ನನಗೆ ಅನ್ನಿಸಿರಲಿಲ್ಲ. ಎಲೆಕ್ಟ್ರೋಡ್ ಹಿಡಿಯುವುದನ್ನು ಎಷ್ಟೋ ಮಕ್ಕಳಿಗೆ ಕಲಿಸಿದೆ. ಆ ಕಾಯುವ ಹೊತ್ತಿನಲ್ಲಿ ಕಾಯುವವರ ಮನಸ್ಸಿಗೆ ಏನಾಗಬೇಕು ಎಂದು ಒಬ್ಬರಿಗೂ ಹೇಳಿಕೊಟ್ಟಿರಲಿಲ್ಲ. ಭವ್ಯ ಅದನ್ನು ಅಳುತ್ತಾ ಮಾಡಿದಳು, ಪೂರ್ತಿ ಮಾಡಿದಳು. ಹಾಗೆಯೇ ಮಾಡಬೇಕಾದ ಕೆಲಸ ಅದು ಎಂದು ನಿವೃತ್ತಿಯಾಗುವವರೆಗೂ ನನ್ನ ಪ್ರತಿ ವಿದ್ಯಾರ್ಥಿಗೂ ಹೇಳಿದೆ.